ಮನೆವಾರ್ತೆ: ಚಲಾವಣೆ ತಪ್ಪಿದ ನೋಟು, ತಪ್ಪಬಾರದ ನಡೆ



ಮನೆಯ ಹಿರಿಯರು ಲಿಂಗೈಕ್ಯರಾಗಿ, ಗಣಾರಾಧನೆಯ ಕಾರ್ಯಗಳೆಲ್ಲ ಮುಗಿದು, ಬಂದ ನೆಂಟರಿಷ್ಟರು ತಂತಮ್ಮ ಊರುಗಳಿಗೆ ಮರಳಿದ ಮೇಲೆ ಅವರ ಪೆಟ್ಟಿಗೆಯನ್ನು ತೆರೆದು ನೋಡುವ ದಿನವೊಂದು ಎಲ್ಲ ಕುಟುಂಬಗಳಲ್ಲಿಯೂ ಬರುತ್ತದೆ. ವಿಭೂತಿಯ ಗಟ್ಟಿ, ಸವೆದ ರುದ್ರಾಕ್ಷಿ, ಎಂದೋ ಉಟ್ಟು ಮಡಿಸಿಟ್ಟ ಇಳಕಲ್ ಸೀರೆ, ಆ ಸೀರೆಯ ಮಡಿಕೆಯೊಳಗೆ ಬಿಗಿಯಾಗಿ ಗಂಟು ಕಟ್ಟಿದ ಒಂದಿಷ್ಟು ನೋಟುಗಳು. ಗಂಟು ಬಿಚ್ಚಿದಾಗ ಅವು ಹಳೆಯ ಐನೂರರ ಮತ್ತು ಸಾವಿರದ ನೋಟುಗಳೆಂದು ಗೊತ್ತಾಗುತ್ತದೆ. ಮಕ್ಕಳು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಒಬ್ಬರು ನಗುತ್ತಾರೆ, ಇನ್ನೊಬ್ಬರು ಕಣ್ಣೊರೆಸಿಕೊಳ್ಳುತ್ತಾರೆ.

ಇಂತಹ ಗಂಟುಗಳು ಇಂದಿಗೂ ಅಲ್ಲಲ್ಲಿ ಹೊರಬರುತ್ತಿವೆ. ಆ ಹಣವನ್ನು ಬದಲಾಯಿಸಿಕೊಳ್ಳಲು ಸಾಧ್ಯವೇ, ಮನೆಯಲ್ಲಿಟ್ಟುಕೊಂಡರೆ ತಪ್ಪೇ, ಮಠದ ಹುಂಡಿಗೆ ಹಾಕಬಹುದೇ ಎಂಬ ಪ್ರಶ್ನೆಗಳು ಮನೆಮನೆಗಳಲ್ಲಿ ಏಳುವುದು ಸಹಜ. ಒಂದು ದೇಶವು ತನ್ನ ನೋಟನ್ನು ಹಿಂದೆಗೆದುಕೊಂಡಾಗ ಗೃಹಸ್ಥನ ಪಾಡೇನು, ಅವನ ನಡೆ ಹೇಗಿರಬೇಕು ಎಂಬುದನ್ನು ಈ ತಿಂಗಳು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ನಮ್ಮ ದೇಶಕ್ಕೆ ನೋಟಿನ ರದ್ದತಿಯು ಹೊಸದೇನಲ್ಲ. ಬ್ರಿಟಿಷರ ಆಳ್ವಿಕೆಯ ಕೊನೆಗಾಲದಲ್ಲಿ, 1946ರ ಜನವರಿಯಲ್ಲಿ, ಸುಗ್ರೀವಾಜ್ಞೆಯ ಮೂಲಕ 500, 1,000 ಮತ್ತು 10,000 ರೂಪಾಯಿಗಳ ನೋಟುಗಳನ್ನು ರದ್ದುಪಡಿಸಲಾಯಿತು. ಮುಂದೆ 1954ರಲ್ಲಿ ದೊಡ್ಡ ನೋಟುಗಳು ಮತ್ತೆ ಬಂದವು. ಮೊರಾರ್ಜಿ ದೇಸಾಯಿಯವರು ಪ್ರಧಾನಿಗಳಾಗಿದ್ದಾಗ, 1978ರ ಜನವರಿ 16ರಂದು, 1,000, 5,000 ಮತ್ತು 10,000 ರೂಪಾಯಿಗಳ ನೋಟುಗಳು ಎರಡನೆಯ ಬಾರಿಗೆ ರದ್ದಾದವು. ಆದರೆ ಆ ಎರಡೂ ಸಂದರ್ಭಗಳಲ್ಲಿ ಬಡವರ ಮತ್ತು ಮಧ್ಯಮ ವರ್ಗದವರ ಮನೆಗಳಿಗೆ ಅದರ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಸಾವಿರದ ನೋಟನ್ನು ಕಣ್ಣಿನಿಂದ ಕಂಡವರೇ ಆಗ ವಿರಳ.

2016ರ ನವೆಂಬರ್ 8ರ ಮಾತು ಬೇರೆ. ದೀಪಾವಳಿ ಕಳೆದು ವಾರವೊಂದಾಗಿತ್ತು. ಕಾರ್ತಿಕ ಮಾಸ ನಡೆದಿತ್ತು. ಆ ಮಂಗಳವಾರ ರಾತ್ರಿ 8 ಗಂಟೆಗೆ ಪ್ರಧಾನಿ ನರೇಂದ್ರ ಮೋದಿಯವರು ದೂರದರ್ಶನದಲ್ಲಿ ಮಾತನಾಡಿ, ಅಂದಿನ ಮಧ್ಯರಾತ್ರಿಯಿಂದ 500 ಮತ್ತು 1,000 ರೂಪಾಯಿಗಳ ನೋಟುಗಳು ಚಲಾವಣೆಯಲ್ಲಿ ಇರುವುದಿಲ್ಲವೆಂದು ಸಾರಿದರು. ಕಪ್ಪುಹಣ, ಖೋಟಾ ನೋಟು ಮತ್ತು ಭಯೋತ್ಪಾದಕರಿಗೆ ಹರಿಯುವ ಹಣವನ್ನು ತಡೆಯುವುದು ಉದ್ದೇಶವೆಂದು ತಿಳಿಸಲಾಯಿತು. ದೇಶದಲ್ಲಿದ್ದ ನೋಟುಗಳ ಒಟ್ಟು ಮೌಲ್ಯದಲ್ಲಿ ಸುಮಾರು ಶೇಕಡಾ 86ರಷ್ಟು ಈ ಎರಡು ನೋಟುಗಳಲ್ಲಿಯೇ ಇತ್ತು. ಅಷ್ಟು ಹೊತ್ತಿಗೆ ಐನೂರರ ನೋಟು ಶ್ರೀಮಂತರ ನೋಟಾಗಿ ಉಳಿದಿರಲಿಲ್ಲ. ಗೌಂಡಿಯ, ಹಾಲು ಮಾರುವವನ, ಹೂ ಕಟ್ಟುವವಳ ಕೈಯಲ್ಲಿಯೂ ಓಡಾಡುತ್ತಿತ್ತು.

ಹಿಂದೆಗೆದುಕೊಂಡ ನೋಟಿನ ಬದಲಿಗೆ ಬೇರೆ ನೋಟನ್ನು ಕೊಡುವುದು ಎಷ್ಟು ಕಷ್ಟದ ಕೆಲಸವೆಂಬುದು ಮುಂದಿನ ಐವತ್ತು ದಿನಗಳಲ್ಲಿ ಎಲ್ಲರಿಗೂ ಮನವರಿಕೆಯಾಯಿತು. ರದ್ದಾದ ನೋಟುಗಳ ಸಂಖ್ಯೆ ಸುಮಾರು 2,400 ಕೋಟಿ ಹಾಳೆಗಳಷ್ಟಿತ್ತು. ಇಷ್ಟನ್ನು ತುಂಬಿಕೊಡಲು ದೇಶದಲ್ಲಿರುವ ನೋಟು ಮುದ್ರಣಾಲಯಗಳು ನಾಲ್ಕೇ: ನಾಸಿಕ, ದೇವಾಸ, ನಮ್ಮ ಮೈಸೂರು ಮತ್ತು ಪಶ್ಚಿಮ ಬಂಗಾಳದ ಸಾಲ್ಬೋನಿ. ಹಗಲಿರುಳು ಅಚ್ಚು ಹಾಕಿದರೂ ತಿಂಗಳುಗಳೇ ಬೇಕು. ಹೊಸ ನೋಟುಗಳ ಅಳತೆಯು ಹಳೆಯದಕ್ಕಿಂತ ಚಿಕ್ಕದಾಗಿದ್ದುದರಿಂದ ದೇಶದ ಎರಡು ಲಕ್ಷಕ್ಕೂ ಮಿಕ್ಕ ಎ.ಟಿ.ಎಂ. ಯಂತ್ರಗಳನ್ನು ಒಂದೊಂದಾಗಿ ಸರಿಹೊಂದಿಸಬೇಕಾಯಿತು. ಮೊದಲು ಕೈಗೆ ಬಂದುದು ಎರಡು ಸಾವಿರದ ನೋಟು. ಅದನ್ನು ಹಿಡಿದುಕೊಂಡು ಕಿರಾಣಿ ಅಂಗಡಿಗೆ ಹೋದರೆ ಚಿಲ್ಲರೆ ಕೊಡಲು ಐನೂರರ ನೋಟೇ ಇರಲಿಲ್ಲ. ಕೈಯಲ್ಲಿ ಹಣವಿದ್ದೂ ಉದ್ರಿ ಹೇಳಿ ಬೇಳೆ ತರುವ ಪರಿಸ್ಥಿತಿ ಒದಗಿತು. 2016-17ರ ಸಾಲಿನಲ್ಲಿ ನೋಟು ಮುದ್ರಣಕ್ಕೆಂದು ರಿಸರ್ವ್ ಬ್ಯಾಂಕು ವೆಚ್ಚ ಮಾಡಿದ್ದು 7,965 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಇದು 3,421 ಕೋಟಿ ಇತ್ತು.

ನಿಯಮಗಳೂ ದಿನಕ್ಕೊಂದರಂತೆ ಬದಲಾದವು. ಬ್ಯಾಂಕಿನಲ್ಲಿ ಹಳೆಯ ನೋಟು ಕೊಟ್ಟು ಹೊಸದನ್ನು ಪಡೆಯುವ ಮಿತಿ ಮೊದಲು 4,000 ರೂಪಾಯಿ, ಆಮೇಲೆ 4,500, ಬಳಿಕ 2,000 ಆಯಿತು. ನವೆಂಬರ್ 24ರ ತರುವಾಯ ಆ ಸೌಲಭ್ಯವೇ ನಿಂತಿತು. ಖಾತೆಗೆ ಜಮಾ ಮಾಡಲು ಮಾತ್ರ ಡಿಸೆಂಬರ್ 30ರವರೆಗೆ ಅವಕಾಶ ಉಳಿಯಿತು. ಒಬ್ಬನೇ ಮತ್ತೆ ಮತ್ತೆ ಸರದಿಯಲ್ಲಿ ನಿಲ್ಲಬಾರದೆಂದು ಬೆರಳಿಗೆ ಶಾಯಿ ಹಚ್ಚುವ ನಿರ್ಧಾರವೂ ಆಯಿತು. ಚುನಾವಣೆಯ ಆ ಅಳಿಸಲಾಗದ ಶಾಯಿ ತಯಾರಾಗುವುದು ಮೈಸೂರಿನಲ್ಲಿಯೇ ಎಂಬುದು ಓದುಗರಿಗೆ ಗೊತ್ತಿರುವ ಸಂಗತಿ. ಮದುವೆ ಗೊತ್ತಾಗಿದ್ದ ಮನೆಯವರಿಗೆ ತಮ್ಮ ಖಾತೆಯಿಂದ ಎರಡೂವರೆ ಲಕ್ಷ ರೂಪಾಯಿ ತೆಗೆಯಲು ಅನುಮತಿ ದೊರೆಯಿತಾದರೂ, ಲಗ್ನಪತ್ರಿಕೆಯ ಜೊತೆಗೆ ಯಾರಿಗೆ ಹಣ ಕೊಡುವೆವು ಎಂಬ ಪಟ್ಟಿಯನ್ನೂ ಒಪ್ಪಿಸಬೇಕಾಗಿತ್ತು. ಓಲಗದವನಿಗೆ, ಅಡಿಗೆಯವನಿಗೆ, ಹೂವಿನವನಿಗೆ ಕೊಡುವ ಹಣದ ಪಟ್ಟಿ ಬರೆದುಕೊಂಡು ಕನ್ಯಾಪಿತೃಗಳು ಬ್ಯಾಂಕಿನ ಬಾಗಿಲಲ್ಲಿ ನಿಂತ ದಿನಗಳು ಅವು.

ಹಳ್ಳಿಗಳ ಸ್ಥಿತಿ ಇನ್ನೂ ಬಿಗಡಾಯಿಸಿತು. ನಮ್ಮ ರೈತ ಕುಟುಂಬಗಳ ಕೊಡು-ಕೊಳ್ಳುವಿಕೆಯೆಲ್ಲ ಪ್ರಾಥಮಿಕ ಸಹಕಾರ ಸಂಘ ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳ ಮೂಲಕ ನಡೆಯುವಂಥದು. ನವೆಂಬರ್ 14ರಂದು ರಿಸರ್ವ್ ಬ್ಯಾಂಕು ಆದೇಶ ಹೊರಡಿಸಿ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳು ಹಳೆಯ ನೋಟು ಸ್ವೀಕರಿಸುವುದನ್ನು ತಡೆಯಿತು. ಹಿಂಗಾರಿ ಹಂಗಾಮಿನ ಕಾಲವದು. ನವೆಂಬರ್ 21ರಂದು, ಸರ್ಕಾರಿ ಬೀಜ ಮಾರಾಟ ಕೇಂದ್ರಗಳಲ್ಲಿ ಹಳೆಯ ಐನೂರರ ನೋಟಿಗೆ ಬೀಜ ಕೊಡಬಹುದೆಂಬ ಅನುಮತಿ ಬಂತು. ಜಿಲ್ಲಾ ಬ್ಯಾಂಕುಗಳು ಮೊದಲ ನಾಲ್ಕೈದು ದಿನಗಳಲ್ಲಿ ಜನರಿಂದ ಪಡೆದಿದ್ದ ನೋಟುಗಳನ್ನು ರಿಸರ್ವ್ ಬ್ಯಾಂಕಿಗೆ ಒಪ್ಪಿಸಲು ಅವಕಾಶ ದೊರೆತದ್ದು 2017ರ ಜೂನ್ ತಿಂಗಳಲ್ಲಿ.

ಇವೆಲ್ಲವುಗಳ ನಡುವೆ ಹೆಚ್ಚು ಮಾತಿಗೆ ಬಾರದೆ ಉಳಿದದ್ದು ಮನೆಯ ತಾಯಂದಿರ ಸಂಕಟ. ಸಂತೆಯ ಖರ್ಚಿನಲ್ಲಿ ಉಳಿಸಿದ ಹತ್ತು, ಎಮ್ಮೆಯ ಹಾಲು-ಬೆಣ್ಣೆ ಮಾರಿ ಉಳಿಸಿದ ಇಪ್ಪತ್ತು, ತವರಿಗೆ ಹೋದಾಗ ಅಣ್ಣ ಕೈಗಿಟ್ಟ ನೂರು, ಇವೆಲ್ಲ ಸೇರಿ ಐನೂರಾಗಿ, ಸಾಸಿವೆಯ ಡಬ್ಬಿಯಲ್ಲಿಯೋ ಅಕ್ಕಿಯ ಗಡಿಗೆಯಲ್ಲಿಯೋ ಅಡಗಿ ಕುಳಿತಿರುತ್ತವೆ. ಕುಡಿಯುವ ಗಂಡನಿಂದ, ದುಂದುಗಾರ ಮಗನಿಂದ ಮರೆಮಾಡಿದ ಹಣವೂ ಅದರಲ್ಲಿರುತ್ತದೆ. ಮಗಳ ಬಾಣಂತನಕ್ಕೆ, ಮೊಮ್ಮಗನ ಫೀಜಿಗೆ, ತನ್ನದೇ ಔಷಧಕ್ಕೆ ಆಗಲೆಂದು ಆ ತಾಯಿ ಕೂಡಿಟ್ಟಿರುತ್ತಾಳೆ. ನೋಟು ರದ್ದಾದ ದಿನ ಅವಳ ಗುಟ್ಟು ರಟ್ಟಾಯಿತು. ಹೇಳಿದರೆ ಹಣ ಕೈಬಿಟ್ಟು ಹೋಗುವ ಭಯ, ಹೇಳದಿದ್ದರೆ ಹಣವೇ ಕಾಗದವಾಗುವ ಭಯ. ಈ ಇಕ್ಕಟ್ಟಿನಲ್ಲಿ ಎಷ್ಟೋ ತಾಯಂದಿರು ಬಾಯಿ ತೆರೆಯಲೇ ಇಲ್ಲ. ನಾವು ಇಂದು ಸೀರೆಯ ಮಡಿಕೆಯಲ್ಲಿ ಕಾಣುತ್ತಿರುವ ಗಂಟುಗಳಲ್ಲಿ ಇಂತಹವು ಎಷ್ಟೋ.

ಈ ಸಂಬಂಧ ಒಂದು ತೀರ್ಪನ್ನು ಗೃಹಿಣಿಯರು ತಿಳಿದಿರುವುದು ಒಳಿತು. ಆ ಅವಧಿಯಲ್ಲಿ ತಮ್ಮ ಉಳಿತಾಯವನ್ನು ಖಾತೆಗೆ ಕಟ್ಟಿದ ಗೃಹಿಣಿಯೊಬ್ಬರ ಮೇಲೆ ತೆರಿಗೆ ಇಲಾಖೆಯು ಆದಾಯದ ಲೆಕ್ಕ ಹಾಕಿದಾಗ, ಆಗ್ರಾದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣವು 2021ರಲ್ಲಿ ಅವರ ಪರವಾಗಿ ತೀರ್ಪಿತ್ತಿತು. ನೋಟು ರದ್ದತಿಯ ಕಾಲದಲ್ಲಿ ಗೃಹಿಣಿಯರು ಕಟ್ಟಿದ ಎರಡೂವರೆ ಲಕ್ಷದವರೆಗಿನ ಹಣವನ್ನು ಬಚ್ಚಿಟ್ಟ ಆದಾಯವೆಂದು ಎಣಿಸಕೂಡದೆಂಬುದು ಅದರ ಸಾರ. ಮನೆವಾರ್ತೆಯಲ್ಲಿ ಮಾಡಿದ ಮಿತವ್ಯಯವೂ ಗೌರವಕ್ಕೆ ಪಾತ್ರವಾದ ಉಳಿತಾಯವೆಂಬುದನ್ನು ನ್ಯಾಯಪೀಠವೊಂದು ಒಪ್ಪಿದಂತಾಯಿತು.

ಕೊನೆಗೆ ಲೆಕ್ಕ ಹೇಗೆ ಮುಗಿಯಿತು? ರದ್ದಾದ 15.41 ಲಕ್ಷ ಕೋಟಿ ರೂಪಾಯಿಗಳ ನೋಟುಗಳಲ್ಲಿ 15.31 ಲಕ್ಷ ಕೋಟಿ, ಎಂದರೆ ಶೇಕಡಾ 99.3ರಷ್ಟು, ಬ್ಯಾಂಕುಗಳಿಗೆ ಮರಳಿತೆಂದು ರಿಸರ್ವ್ ಬ್ಯಾಂಕು 2018ರಲ್ಲಿ ಪ್ರಕಟಿಸಿತು. ಈ ಕ್ರಮವನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ ಸರ್ವೋಚ್ಚ ನ್ಯಾಯಾಲಯವು 2023ರ ಜನವರಿ 2ರಂದು ತೀರ್ಪು ನೀಡಿತು. ಐವರು ನ್ಯಾಯಮೂರ್ತಿಗಳ ಪೀಠದ ಅಧ್ಯಕ್ಷತೆ ವಹಿಸಿದವರು ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್. ನಾಲ್ವರು ಸರ್ಕಾರದ ಕ್ರಮವನ್ನು ಎತ್ತಿಹಿಡಿದರು; ನೋಟು ಬದಲಿಸಲು ಕೊಟ್ಟ 52 ದಿನಗಳ ಕಾಲಾವಕಾಶವು ಅಸಮಂಜಸವಲ್ಲವೆಂದರು. ಭಿನ್ನ ತೀರ್ಪು ಬರೆದವರೂ ಕನ್ನಡನಾಡಿನವರೇ, ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು. ಇಷ್ಟು ದೊಡ್ಡ ನಿರ್ಧಾರವನ್ನು ಕೇವಲ ಅಧಿಸೂಚನೆಯಿಂದಲ್ಲ, ಶಾಸನದ ಮೂಲಕ ಕೈಗೊಳ್ಳಬೇಕಿತ್ತು ಎಂಬುದು ಅವರ ಅಭಿಪ್ರಾಯ. ಎರಡೂ ಕಡೆಯ ವಾದವನ್ನು ತಿಳಿದು ತೂಗುವುದು ಓದುಗರ ವಿವೇಕಕ್ಕೆ ಬಿಟ್ಟದ್ದು.

2023ರ ಮೇ 19ರಂದು ಎರಡು ಸಾವಿರದ ನೋಟನ್ನೂ ಹಿಂದೆಗೆದುಕೊಳ್ಳುವ ಪ್ರಕಟಣೆ ಹೊರಬಿತ್ತು. ಆದರೆ ಈ ಸಲದ ಕ್ರಮವೇ ಬೇರೆ. ನೋಟು ರಾತ್ರೋರಾತ್ರಿ ಸಾಯಲಿಲ್ಲ. ಅದರ ಕಾನೂನುಬದ್ಧ ಮಾನ್ಯತೆಯನ್ನು ಉಳಿಸಿಕೊಂಡೇ ವಾಪಸು ಕೇಳಲಾಯಿತು. ಬ್ಯಾಂಕುಗಳಲ್ಲಿ ಒಂದು ಸಲಕ್ಕೆ 20,000 ರೂಪಾಯಿಯವರೆಗೆ ಬದಲಾಯಿಸಲು ನಾಲ್ಕು ತಿಂಗಳು ಮಿಕ್ಕಿ ಕಾಲಾವಕಾಶವಿತ್ತು. ಅದನ್ನು ಅಕ್ಟೋಬರ್ 7ರವರೆಗೆ ವಿಸ್ತರಿಸಲಾಯಿತು. ಆಮೇಲೆಯೂ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ನೋಟನ್ನು ಒಪ್ಪಿಸುವ, ಅಥವಾ ಅಂಚೆಯ ಮೂಲಕ ಕಳುಹಿಸಿ ಖಾತೆಗೆ ಜಮಾ ಮಾಡಿಸಿಕೊಳ್ಳುವ ಏರ್ಪಾಡಾಯಿತು. ಚಲಾವಣೆಯಲ್ಲಿದ್ದ 3.56 ಲಕ್ಷ ಕೋಟಿಯಲ್ಲಿ ಶೇಕಡಾ 98ಕ್ಕಿಂತ ಹೆಚ್ಚು ಮರಳಿ ಬಂತು. ಕೆಲಸ ಒಂದೇ, ಆದರೆ ಸಮಯ ಕೊಟ್ಟು ಮಾಡಿದಾಗ ಬಡವನ ಬೆನ್ನಿಗೆ ಬರೆ ಬೀಳುವುದಿಲ್ಲವೆಂಬುದಕ್ಕೆ ಇದೇ ನಿದರ್ಶನ.

ಪರದೇಶಗಳ ರೀತಿಯನ್ನೂ ನೋಡಬಹುದು. ಜರ್ಮನಿಯ ಹಳೆಯ ಮಾರ್ಕ್ ನೋಟನ್ನು ಅಲ್ಲಿಯ ಕೇಂದ್ರ ಬ್ಯಾಂಕು ಕಾಲಮಿತಿಯಿಲ್ಲದೆ ಯೂರೋಗೆ ಬದಲಿಸಿಕೊಡುತ್ತದೆ. ಇಂಗ್ಲೆಂಡಿನ ಕಾಗದದ 20 ಮತ್ತು 50 ಪೌಂಡಿನ ನೋಟುಗಳು 2022ರ ಸೆಪ್ಟೆಂಬರ್ 30ಕ್ಕೆ ಚಲಾವಣೆಯಿಂದ ಹೋದರೂ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಎಲ್ಲ ಹಳೆಯ ನೋಟುಗಳಿಗೆ ಬೆಲೆ ಕೊಡುತ್ತದೆ. ಮಕ್ಕಳ ಮನೆಗೆಂದು ಲಂಡನ್ನಿಗೆ ಹೋಗಿ ಬಂದ ಹಿರಿಯರು ಅಲ್ಲಿಯ ಕಾಗದದ ನೋಟುಗಳನ್ನು ಕಪಾಟಿನಲ್ಲಿಟ್ಟಿದ್ದರೆ ನಿರಾಶರಾಗಬೇಕಿಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ನೆರೆಯ ಬರ್ಮಾದ್ದು. 1987ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಸರ್ಕಾರ 25, 35 ಮತ್ತು 75 ಕ್ಯಾಟ್‌ಗಳ ನೋಟುಗಳನ್ನು ಯಾವ ಪರಿಹಾರವೂ ಇಲ್ಲದೆ ರದ್ದುಗೊಳಿಸಿತು. ಜನರ ಉಳಿತಾಯ ಮಣ್ಣುಪಾಲಾಯಿತು. ಮರುವರ್ಷ ಅಲ್ಲಿ ಎದ್ದ ಜನಾಂದೋಲನಕ್ಕೆ ಅದೂ ಒಂದು ಕಾರಣವಾಯಿತು. ನೋಟೆಂಬುದು ರಾಜ್ಯವು ಪ್ರಜೆಗೆ ಕೊಟ್ಟ ಮಾತು. ಮಾತು ಹಿಂದೆಗೆದುಕೊಳ್ಳುವಾಗ ಕೊನೆಯ ಮನೆಯ ಮುದುಕಿಗೂ ಸುದ್ದಿ ತಲುಪಿತೇ ಎಂದು ನೋಡುವುದು ರಾಜಧರ್ಮ.

ಇನ್ನು ಗೃಹಸ್ಥರು ಮಾಡಬೇಕಾದುದೇನು? ಪೆಟ್ಟಿಗೆಯಲ್ಲಿ ನೋಟು ಸಿಕ್ಕಾಗ ಮೊದಲು ಬೇರ್ಪಡಿಸಿ ನೋಡಬೇಕು.

2016ರಲ್ಲಿ ರದ್ದಾದ 500 ಮತ್ತು 1,000ದ ನೋಟುಗಳಿಗೆ ಬದಲಿ ದೊರೆಯುವುದಿಲ್ಲ. ಆ ದಿನಗಳಲ್ಲಿ ಪರದೇಶದಲ್ಲಿದ್ದವರಿಗೂ 2017ರ ಮಾರ್ಚ್ ಮತ್ತು ಜೂನ್ ತಿಂಗಳುಗಳಿಗೆ ಅವಧಿ ಮುಗಿಯಿತು. ಮೇಲಾಗಿ 2017ರ ಕಾಯಿದೆಯ ಪ್ರಕಾರ ಇಂತಹ ಹತ್ತಕ್ಕಿಂತ ಹೆಚ್ಚು ನೋಟುಗಳನ್ನು ಇಟ್ಟುಕೊಳ್ಳುವುದು ದಂಡನೀಯ. ಅಧ್ಯಯನ ಮತ್ತು ನಾಣ್ಯಸಂಗ್ರಹದ ಉದ್ದೇಶವಿದ್ದರೆ ಇಪ್ಪತ್ತೈದರವರೆಗೆ ಅವಕಾಶವಿದೆ. ಹೆಚ್ಚಿನ ಸಂಖ್ಯೆಯಲ್ಲಿ ಸಿಕ್ಕರೆ ತಿಳಿದ ವಕೀಲರನ್ನು ವಿಚಾರಿಸಿ ಮುಂದುವರಿಯಬೇಕೇ ಹೊರತು, ಬದಲಿಸಿಕೊಡುತ್ತೇವೆಂದು ಬರುವ ದಲ್ಲಾಳಿಗಳನ್ನು ನಂಬಕೂಡದು. ಹಳೆಯ ನೋಟು-ನಾಣ್ಯಗಳನ್ನು ಕೊಳ್ಳುತ್ತೇವೆಂದು ತನ್ನ ಹೆಸರಿನಲ್ಲಿ ಹಣ ಕೀಳುವ ವಂಚಕರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ.

ಎರಡು ಸಾವಿರದ ನೋಟು ಸಿಕ್ಕರೆ ಬ್ಯಾಂಕಿನಲ್ಲಿ ವಿಚಾರಿಸಿ, ಬೆಂಗಳೂರಿನ ನೃಪತುಂಗ ರಸ್ತೆಯಲ್ಲಿರುವ ರಿಸರ್ವ್ ಬ್ಯಾಂಕಿನ ಕಚೇರಿಯನ್ನೋ ಅಂಚೆಯ ಮಾರ್ಗವನ್ನೋ ಹಿಡಿಯಬೇಕು. ಹಿಂಬದಿಯಲ್ಲಿ ಮುದ್ರಣದ ಇಸವಿಯಿಲ್ಲದ, 2005ಕ್ಕೆ ಮೊದಲಿನ ನೂರರ ನೋಟು ಸಿಕ್ಕರೆ ಗಾಬರಿ ಬೇಡ. 2014ರಲ್ಲಿ ಅವನ್ನು ಹಿಂದೆಗೆದುಕೊಳ್ಳುವ ಪ್ರಕಟಣೆ ಬಂದಾಗಲೂ ಅವುಗಳ ಮಾನ್ಯತೆಯನ್ನು ರದ್ದು ಮಾಡಿರಲಿಲ್ಲ. ಗೆದ್ದಲು ತಿಂದ, ಹರಿದ ನೋಟುಗಳಿಗೂ ಉಳಿದ ಭಾಗದ ಅಳತೆಯ ಮೇಲೆ ಬೆಲೆಯುಂಟು. 50 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ನೋಟಿನಲ್ಲಿ ಒಂದೇ ತುಂಡಾಗಿ ಶೇಕಡಾ 80ಕ್ಕಿಂತ ಹೆಚ್ಚು ಉಳಿದಿದ್ದರೆ ಪೂರ್ಣ ಬೆಲೆ, 40ರಿಂದ 80ರವರೆಗೆ ಇದ್ದರೆ ಅರ್ಧ ಬೆಲೆ.

ಈಗ ಹುಂಡಿಯ ಮಾತು. ಬ್ಯಾಂಕು ಒಲ್ಲೆನೆಂದ ನೋಟನ್ನು ದೇವರ ಮುಂದಿಡುವ ರೂಢಿಯೊಂದು ಕಾಣಿಸಿಕೊಂಡಿತು. ತಿರುಪತಿಯ ಹುಂಡಿಯಲ್ಲಿ ಅವಧಿ ಮೀರಿದ ಮೇಲೆ ಬಿದ್ದ ಹಳೆಯ ನೋಟುಗಳು ಸುಮಾರು 50 ಕೋಟಿ ರೂಪಾಯಿಗಳಷ್ಟಿದ್ದು, ಅವನ್ನು ಬದಲಿಸಿಕೊಡಲು ದೇವಸ್ಥಾನವು ಕೇಂದ್ರ ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ತಿಳಿಯದೆ ಹಾಕಿದ ಮುಗ್ಧ ಭಕ್ತರ ಮಾತು ಬೇರೆ. ತಿಳಿದೂ ತಿಳಿದೂ ಹಾಕುವುದು ಕಾಣಿಕೆಯಲ್ಲ, ಕಸವನ್ನು ನೆರೆಮನೆಯ ಅಂಗಳಕ್ಕೆ ಗುಡಿಸಿದಂತೆ. ಮಠದ ಹುಂಡಿಯ ಹಣದಿಂದ ಪ್ರಸಾದ ನಿಲಯದ ಮಕ್ಕಳು ಉಣ್ಣುತ್ತಾರೆ. ಸತ್ತ ನೋಟಿನಿಂದ ಜೋಳ ಬರುವುದಿಲ್ಲ. ತನಗೆ ಬೇಡವಾದುದನ್ನು ಕೊಡುವುದು ದಾಸೋಹವೆನಿಸದು.

ಇನ್ನೂ ಸೂಕ್ಷ್ಮವಾದ ಪರೀಕ್ಷೆಯೊಂದು ಆ ಐವತ್ತು ದಿನಗಳಲ್ಲಿ ನಮ್ಮೆಲ್ಲರ ಮುಂದೆ ನಿಂತಿತ್ತು. ಹಣವಂತರು ಆಳುಮಕ್ಕಳ ಖಾತೆಯಲ್ಲಿ ತಮ್ಮ ಹಣ ತುಂಬಿಸಿದರು. ಕೆಲವರು ಹಳೆಯ ನೋಟಿನಲ್ಲಿ ತಿಂಗಳುಗಟ್ಟಲೆಯ ಕೂಲಿಯನ್ನು ಮುಂಗಡವಾಗಿ ಕೈಗಿತ್ತು, ಸರದಿಯಲ್ಲಿ ನಿಲ್ಲುವ ಕಷ್ಟವನ್ನೂ ಕೂಲಿಯವನಿಗೇ ದಾಟಿಸಿದರು. ಪರರ ಹಣಕ್ಕೆ ಖಾತೆ ಕೊಟ್ಟವನು ಬೇನಾಮಿ ಕಾಯಿದೆಯಡಿ ಏಳು ವರ್ಷಗಳ ಸೆರೆವಾಸಕ್ಕೂ ಗುರಿಯಾಗಬಹುದೆಂದು ತೆರಿಗೆ ಇಲಾಖೆ ಎಚ್ಚರಿಸಿತ್ತು. ಕಾನೂನಿನ ಭಯ ಹಾಗಿರಲಿ. ಕಲ್ಯಾಣದ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಹಣಕ್ಕೆ ಕಾಸು ಕಾಸಿನ ಲೆಕ್ಕ ಒಪ್ಪಿಸಿದರೆಂಬ ಪ್ರತೀತಿ ನಮ್ಮಲ್ಲಿದೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಕಳುಹಿಸಿದ ಕಥೆಯನ್ನು ಮಕ್ಕಳೂ ಬಲ್ಲರು. ಆ ದಂಪತಿಗಳ ಮನೆಗೆ ನೋಟು ರದ್ದಾದ ಸುದ್ದಿ ಬಂದಿದ್ದರೆ ಅವರಿಗೆ ನಿದ್ದೆ ಕೆಡುತ್ತಿರಲಿಲ್ಲ. ಹಾಗೆಂದು ಗೃಹಸ್ಥರು ಉಳಿಸಕೂಡದೆಂದು ಅರ್ಥವಲ್ಲ. ಕಾಯಕದಿಂದ ಬಂದುದಾಗಿರಬೇಕು, ಲೆಕ್ಕಕ್ಕೆ ಸಿಗುವಂತಿರಬೇಕು, ಅದರಲ್ಲೊಂದು ಪಾಲು ದಾಸೋಹಕ್ಕೆ ಸಲ್ಲಬೇಕು, ಇಷ್ಟೇ.

ಕಡೆಯದಾಗಿ ಮಕ್ಕಳಿಗೊಂದು ಮಾತು. ತಾಯಿ ಹಣವನ್ನು ಬ್ಯಾಂಕಿನಲ್ಲಿಡದೆ ಸೀರೆಯ ಮಡಿಕೆಯಲ್ಲಿ ಏಕೆ ಇಟ್ಟಳೆಂದು ಅವಳ ಅಜ್ಞಾನವನ್ನು ಆಡಿಕೊಳ್ಳಬೇಡಿ. ಹೇಳಿದರೆ ತನ್ನ ಹಣ ತನಗೆ ಉಳಿದೀತೆಂಬ ಭರವಸೆಯನ್ನು ನಾವು ಅವಳಿಗೆ ಕೊಟ್ಟಿದ್ದೆವೆಯೇ ಎಂದು ಕೇಳಿಕೊಳ್ಳಿ. ಅವಳ ಹೆಸರಿನಲ್ಲಿಯೇ ಖಾತೆ ತೆರೆಯಿಸಿ, ಪಾಸ್‌ಬುಕ್ಕು ಅವಳ ಕೈಯಲ್ಲಿಯೇ ಇರಲಿ, ನಾಮನಿರ್ದೇಶನವನ್ನು ಅವಳ ಇಚ್ಛೆಯಂತೆಯೇ ಬರೆಯಿಸಿ, ಅದರಲ್ಲಿ ಎಷ್ಟಿದೆಯೆಂದು ಪದೇ ಪದೇ ಕೇಳದಿರಿ. ಸರ್ಕಾರದ ಹೊಸ ಪ್ರಕಟಣೆ ಬಂದ ದಿನ ಮನೆಯ ಹಿರಿಯರ ಬಳಿ ಕುಳಿತು ಅದನ್ನು ಓದಿ ಹೇಳಿ. ನೆರೆಮನೆಯಲ್ಲಿ ಒಂಟಿಯಾಗಿರುವ ಅಜ್ಜಿಗೂ ಹೇಳಿ ಬನ್ನಿ. ಗಂಟಿನಲ್ಲಿಯೇ ಉಳಿದುಹೋದ ಆ ಹಳೆಯ ನೋಟುಗಳಿಗೆ ಇನ್ನು ಬೆಲೆ ಬಾರದು. ಆದರೆ ನಾಳೆ ಇನ್ನೊಬ್ಬ ತಾಯಿಯ ಉಳಿತಾಯ ಹಾಗೆ ಕಾಗದವಾಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.